ಕಡಿಮೆ ಖರ್ಚಿನ ಪ್ರಳಯ

ರಜೆಯ ದಿನಗಳಲ್ಲಿ ಟಿ.ವಿ. ಮುಂದೆ ಅಪ್ಪ-ಮಗನಿಗೆ ಜಗಳ ತಂದಿಡುವ ಚಿತ್ರಗಳ ಒಂದು ಜಾತಿಯೇ ಇದೆ. ಲೋಕವೆಲ್ಲ ಹಾಳಾಗಿದೆ. ನಗರಗಳು ಕುಸಿದು ಬಿದ್ದಿವೆ. ನೀರಿಲ್ಲ, ಪೆಟ್ರೋಲಿಲ್ಲ, ಪೊಲೀಸರಂತೂ ಇಲ್ಲವೇ ಇಲ್ಲ. ಹರಕು ಚರ್ಮದ ಅಂಗಿ ತೊಟ್ಟ ದುಷ್ಟರ ದಂಡು ಊರೂರು ಸುಲಿಯುತ್ತಿದೆ. ಆಗ ಎಲ್ಲಿಂದಲೋ ಬರುವ ಒಂಟಿ ನಾಯಕ ಗಾಳಿಯಲ್ಲಿ ಗಿರ್ರನೆ ತಿರುಗಿ ಅವರನ್ನು ಒಬ್ಬೊಬ್ಬರಾಗಿ ಒದ್ದು ಕೆಡವುತ್ತಾನೆ. ಮಗನಿಗೆ ರೋಮಾಂಚನ; ಅಪ್ಪನಿಗೆ ತಲೆಬುಡವಿಲ್ಲದ ಹೊಡೆದಾಟ. ಇಬ್ಬರೂ ಕೇಳದ ಪ್ರಶ್ನೆಯೊಂದಿದೆ. ಪ್ರಳಯವಾದ ಮೇಲೆ ಜನರೆಲ್ಲ ಕರಾಟೆಯನ್ನೇ ಯಾಕೆ ಆಡಬೇಕು? ಉತ್ತರ ಬೇಕಿದ್ದರೆ ನಿರ್ಮಾಪಕನ ಲೆಕ್ಕದ ಪುಸ್ತಕ ತೆರೆದು ನೋಡಬೇಕು.

ಹಳೆಯ ಅರಮನೆಯ ಕಥೆ ಮಾಡಿದರೆ ಅರಮನೆ ಕಟ್ಟಬೇಕು. ಮುಂದಿನ ಶತಮಾನದ ಕಥೆಯಾದರೆ ಹೊಳೆಯುವ ನಗರ, ಹಾರುವ ವಾಹನ ಎಲ್ಲ ಬೇಕು. ಹಾಳಾದ ಲೋಕಕ್ಕೆ ಬೇಕಾದದ್ದು ಕಲ್ಲಿನ ಕ್ವಾರಿ, ಮುಚ್ಚಿದ ಕಾರ್ಖಾನೆ, ಒಂದಿಷ್ಟು ಗುಜರಿ. ನಾಗರಿಕತೆ ಅಳಿದುಹೋಗಿದೆ ಎಂದರಾಯಿತು, ಬಟ್ಟೆ ಹರಿದಿದ್ದರೂ ನಡೆಯುತ್ತದೆ, ಬೀದಿ ಖಾಲಿಯಿದ್ದರೂ ನಡೆಯುತ್ತದೆ. ನೂರಾರು ಸಹನಟರಿಗೆ ದಿನಗೂಲಿ ಕೊಡುವುದೂ ತಪ್ಪುತ್ತದೆ. ಹೇಗಿದ್ದರೂ ಜನ ಸತ್ತುಹೋಗಿದ್ದಾರಲ್ಲ!

ಇದಕ್ಕೆ ದಾರಿ ತೋರಿದ್ದು 1979ರಲ್ಲಿ ಬಂದ ಆಸ್ಟ್ರೇಲಿಯಾದ ‘ಮ್ಯಾಡ್ ಮ್ಯಾಕ್ಸ್’. ನಿರ್ದೇಶಕ ಜಾರ್ಜ್ ಮಿಲ್ಲರ್ ಓದಿದ್ದು ವೈದ್ಯಕೀಯ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅಪಘಾತದ ಗಾಯಾಳುಗಳನ್ನು ನೋಡಿದವರು. ಚಿತ್ರಕ್ಕೆ ಖರ್ಚಾದದ್ದು ಹೆಚ್ಚೆಂದರೆ ನಾಲ್ಕು ಲಕ್ಷ ಆಸ್ಟ್ರೇಲಿಯನ್ ಡಾಲರ್. ಆರಂಭದ ಬೆನ್ನಟ್ಟುವ ದೃಶ್ಯದಲ್ಲಿ ನುಚ್ಚುನೂರಾಗುವ ವ್ಯಾನು ಸ್ವತಃ ಮಿಲ್ಲರ್ ಅವರದೇ. ಆ ಚಿತ್ರದಲ್ಲಿ ಲೋಕ ಇನ್ನೂ ಪೂರ್ತಿ ಮುಳುಗಿರಲಿಲ್ಲ. 1981ರ ಎರಡನೆಯ ಭಾಗದಲ್ಲಿ ಮುಳುಗಿತು, ಅದನ್ನು ಬ್ರೋಕನ್ ಹಿಲ್ ಸುತ್ತಲಿನ ಬರಡು ನೆಲದಲ್ಲಿ ಚಿತ್ರೀಕರಿಸಿದರು. (ಅದೇ ಮಿಲ್ಲರ್ ಕೈತುಂಬ ಹಣ ಹಿಡಿದು ಮುಂದೆ ‘ಫ್ಯೂರಿ ರೋಡ್’ ಮಾಡಲು ಅದೇ ಜಾಗಕ್ಕೆ ಹೊರಟಾಗ, ಅನಿರೀಕ್ಷಿತ ಮಳೆ ಬಿದ್ದು ಮರಳುಗಾಡೆಲ್ಲ ಹೂ ಬಿಟ್ಟಿತ್ತು. ಹೂ ಬಿಟ್ಟ ಜಾಗದಲ್ಲಿ ಪ್ರಳಯ ತೋರಿಸುವುದೆಂತು? ಇಡೀ ತಂಡ ಆಫ್ರಿಕಾದ ನಮೀಬಿಯಾಕ್ಕೆ ಗಂಟುಮೂಟೆ ಕಟ್ಟಬೇಕಾಯಿತು.)

‘ಮ್ಯಾಡ್ ಮ್ಯಾಕ್ಸ್’ ಗಳಿಸಿದ ಹಣ ಕಂಡು ಇಟಲಿಯವರು, ಫಿಲಿಪ್ಪೀನ್ಸ್‌ನವರು ನಕಲುಗಳನ್ನು ಸಾಲಾಗಿ ತೆಗೆದರು. ಎಂಜೊ ಕಾಸ್ಟೆಲಾರಿ, ಸಿರಿಯೊ ಸಾಂಟಿಯಾಗೊ ಮುಂತಾದವರ ಹೆಸರು ಆ ಬಗೆಯ ಚಿತ್ರಗಳ ಹುಚ್ಚರಿಗೆ ಗೊತ್ತು, ಮಿಕ್ಕವರಿಗೆ ಗೊತ್ತಿಲ್ಲದಿದ್ದರೂ ನಷ್ಟವಿಲ್ಲ. ಆದರೆ ನಕಲು ಮಾಡುವವರಿಗೂ ಒಂದು ತೊಂದರೆ ಇತ್ತು. ಕಾರುಗಳನ್ನು ಡಿಕ್ಕಿ ಹೊಡೆಸಿ ಪುಡಿ ಮಾಡುವುದೇ ‘ಮ್ಯಾಕ್ಸ್’ನ ಮಜಾ, ಕಾರಿಗೆ ದುಡ್ಡು ಬೇಕು. ಕಾರಿಲ್ಲದವರ ಕೈಗೆ ಸಿಕ್ಕಿದ್ದು ಮನುಷ್ಯನ ಮೈ. 1973ರ ‘ಎಂಟರ್ ದಿ ಡ್ರ್ಯಾಗನ್’ ಬಂದ ಮೇಲೆ ಬ್ರೂಸ್ ಲೀ ಗಾಳಿ ಎಲ್ಲ ದೇಶಗಳಲ್ಲೂ ಬೀಸಿ, ಊರೂರಲ್ಲಿ ಕರಾಟೆ ಶಾಲೆಗಳು ತೆರೆದಿದ್ದವು. ಒದೆಯಲು ಬಲ್ಲ ಯುವಕರಿಗೆ ಬರವಿರಲಿಲ್ಲ. ಕಥೆಗೂ ಇದು ಹೊಂದಿತು. ಬಂದೂಕಿದ್ದರೂ ಗುಂಡಿಲ್ಲ, ಹಾಗಾಗಿ ಮುಷ್ಟಿ. 1983ರಲ್ಲಿ ಜಪಾನಿನಲ್ಲಿ ಶುರುವಾದ ‘ಫಿಸ್ಟ್ ಆಫ್ ದಿ ನಾರ್ತ್ ಸ್ಟಾರ್’ ಎಂಬ ಚಿತ್ರಕಥಾ ಮಾಲಿಕೆ ಮ್ಯಾಕ್ಸ್‌ನ ಮರಳುಗಾಡಿಗೆ ಬ್ರೂಸ್ ಲೀಯಂಥ ನಾಯಕನನ್ನು ತಂದು ನಿಲ್ಲಿಸಿತು. ಅಣುಯುದ್ಧದ ನಂತರದ ಲೋಕದಲ್ಲಿ ವೈರಿಗಳ ಮರ್ಮಸ್ಥಾನ ಮುಟ್ಟಿಯೇ ಕೊಲ್ಲುವವನು ಅವನು.

ಈ ಜಾತಿಯಲ್ಲಿ ಹೆಚ್ಚು ಹೆಸರಾದದ್ದು 1989ರ ‘ಸೈಬೋರ್ಗ್’. ಅದು ಹುಟ್ಟಿದ ಬಗೆಯೇ ಒಂದು ಸಿನಿಮಾ ಕಥೆ. ಮೆನಹೆಮ್ ಗೋಲನ್ ಮತ್ತು ಯೋರಮ್ ಗ್ಲೋಬಸ್ ಎಂಬ ಇಸ್ರೇಲಿ ದಾಯಾದಿಗಳು ನಡೆಸುತ್ತಿದ್ದ ಕ್ಯಾನನ್ ಸಂಸ್ಥೆ ಎರಡು ದೊಡ್ಡ ಚಿತ್ರಗಳಿಗೆ ಸಿದ್ಧತೆ ನಡೆಸಿತ್ತು. ಒಂದು ‘ಮಾಸ್ಟರ್ಸ್ ಆಫ್ ದಿ ಯೂನಿವರ್ಸ್’ನ ಎರಡನೆಯ ಭಾಗ, ಇನ್ನೊಂದು ‘ಸ್ಪೈಡರ್‌ಮ್ಯಾನ್’. ಸೆಟ್ಟು, ವೇಷಭೂಷಣಗಳಿಗೆ ಸುಮಾರು 20 ಲಕ್ಷ ಡಾಲರ್ ಸುರಿದಾಗಿತ್ತು. ಅಷ್ಟರಲ್ಲಿ ಸಂಸ್ಥೆಯ ಬೊಕ್ಕಸ ಬರಿದಾಯಿತು, ಎರಡೂ ಯೋಜನೆಗಳು ಬಿದ್ದುಹೋದವು. ಸೆಟ್ಟು ಉಳಿಯಿತು, ಬಟ್ಟೆ ಉಳಿಯಿತು, ಕಥೆ ಇಲ್ಲ! ಆಗ ನಿರ್ದೇಶಕ ಆಲ್ಬರ್ಟ್ ಪ್ಯೂನ್ ಒಂದು ವಾರಾಂತ್ಯದಲ್ಲಿ ಕಥೆ ಬರೆದರು. ಮದುವೆ ಮುರಿದ ಮೇಲೆ ಉಳಿದ ಅಡುಗೆಯನ್ನು ಇನ್ನೊಂದು ಸಮಾರಂಭಕ್ಕೆ ಬಡಿಸಿದ ಹಾಗೆ. ಹೊಸದಾಗಿ ಹಾಕಿದ ಹಣ ಸುಮಾರು ಐದು ಲಕ್ಷ ಡಾಲರ್ ಎನ್ನುತ್ತಾರೆ. ನಾರ್ತ್ ಕೆರೋಲೈನಾ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ ನಾಲ್ಕು ವಾರದೊಳಗೆ ಚಿತ್ರೀಕರಣ ಮುಗಿಯಿತು.

ಕಥೆ ಎಳೆಯಷ್ಟೇ. ಮಹಾಮಾರಿಯೊಂದು ಲೋಕವನ್ನು ತಿಂದುಹಾಕಿದೆ. ಮದ್ದಿನ ಮಾಹಿತಿಯನ್ನು ತಲೆಯಲ್ಲಿಟ್ಟುಕೊಂಡ ಅರೆಯಂತ್ರದ ಹೆಣ್ಣೊಬ್ಬಳನ್ನು ನ್ಯೂಯಾರ್ಕ್‌ನಿಂದ ಅಟ್ಲಾಂಟಾಕ್ಕೆ ತಲುಪಿಸಬೇಕು. 2020ರ ಕೊರೊನಾ ದಿನಗಳಲ್ಲಿ ನಾವೆಲ್ಲ ಪತ್ರಿಕೆಗಳಲ್ಲಿ ಓದಿದ ಸಿ.ಡಿ.ಸಿ. ಎಂಬ ರೋಗ ನಿಯಂತ್ರಣ ಸಂಸ್ಥೆ ಇರುವುದು ಅದೇ ಅಟ್ಲಾಂಟಾದಲ್ಲಿ. ಪಾತ್ರಗಳ ಹೆಸರು ಮಾತ್ರ ತಮಾಷೆಯಾಗಿವೆ. ನಾಯಕ ಗಿಬ್ಸನ್ ರಿಕನ್‌ಬ್ಯಾಕರ್, ಖಳನಾಯಕ ಫೆಂಡರ್ ಟ್ರೆಮೊಲೊ, ಆ ಹೆಣ್ಣು ಪರ್ಲ್ ಪ್ರಾಫೆಟ್. ಗಿಟಾರ್ ಕಲಿಯುವ ಹುಡುಗರಿಗೆ ಈಗಾಗಲೇ ನಗು ಬಂದಿರಬೇಕು. ಗಿಬ್ಸನ್, ರಿಕನ್‌ಬ್ಯಾಕರ್, ಫೆಂಡರ್ ಮೂರೂ ಗಿಟಾರ್ ಕಂಪನಿಗಳು, ಪರ್ಲ್ ಡ್ರಮ್ಮಿನದು.

ನಾಯಕ ಜಾನ್-ಕ್ಲೋಡ್ ವ್ಯಾನ್ ಡಾಮ್ ಬೆಲ್ಜಿಯಂನವರು. ಚಿಕ್ಕಂದಿನಿಂದ ಕರಾಟೆ ಕಲಿತದ್ದರ ಜೊತೆಗೆ ಐದು ವರ್ಷ ಬ್ಯಾಲೆ ನೃತ್ಯವನ್ನೂ ಅಭ್ಯಾಸ ಮಾಡಿದವರು. ಅವರ ಒದೆತದಲ್ಲಿ ಕಾಣುವ ಚೆಲುವಿಗೆ ಆ ನೃತ್ಯವೇ ಮೂಲವೆಂದು ನನ್ನ ಅಭಿಪ್ರಾಯ. ಎದುರಾಳಿ ವಿನ್ಸೆಂಟ್ ಕ್ಲಿನ್ ಸಮುದ್ರದ ಅಲೆಗಳ ಮೇಲೆ ಹಲಗೆ ಓಡಿಸುವ ಸರ್ಫಿಂಗ್ ಪಟು. ಇವರಿಬ್ಬರ ಮೈಕಟ್ಟನ್ನು ಬಿಟ್ಟರೆ ಚಿತ್ರದಲ್ಲಿ ನೋಡಲು ಹೆಚ್ಚೇನೂ ಇಲ್ಲ. ವಿಮರ್ಶಕರು ಬೈದರು. ಆದರೂ ಅಮೆರಿಕದಲ್ಲೇ ಸುಮಾರು ಒಂದು ಕೋಟಿ ಡಾಲರ್ ಬಂತು.

ಈ ಲೆಕ್ಕದಲ್ಲಿ ಇನ್ನೊಂದು ಬಾಬ್ತು ಉಂಟು. ದುಷ್ಟರ ಗುಂಪಿನಲ್ಲಿ ಒಬ್ಬನಾಗಿ ಕಾಣಿಸಿಕೊಳ್ಳಲು ಅದೇ ರಾಜ್ಯದ ಸೇನಾನೆಲೆಯ ಸೈನಿಕನೊಬ್ಬ ಬಂದಿದ್ದ. ಹೊಡೆದಾಟದ ದೃಶ್ಯದಲ್ಲಿ ವ್ಯಾನ್ ಡಾಮ್ ಕೈಯಲ್ಲಿದ್ದ ಹುಸಿ ಚಾಕು ಅವನ ಕಣ್ಣಿಗೆ ತಗುಲಿತು. ಆ ಕಣ್ಣಿನ ದೃಷ್ಟಿ ಹೋಯಿತು. ಅವನು ಕೋರ್ಟಿಗೆ ಹೋದ. ಕೆಲವು ವರ್ಷಗಳ ನಂತರ ಜ್ಯೂರಿ ಅವನ ಪರವಾಗಿ ಕೊಟ್ಟ ತೀರ್ಪಿನ ಪರಿಹಾರ ಐದು ಲಕ್ಷ ಡಾಲರ್‌ಗೆ ತುಸು ಕಡಿಮೆ. ಹೆಚ್ಚುಕಡಿಮೆ ಇಡೀ ಚಿತ್ರಕ್ಕೆ ಹಾಕಿದಷ್ಟೇ ಹಣ! ಸೆಟ್ಟು ಬಿದ್ದರೆ ಮತ್ತೆ ಕಟ್ಟಬಹುದಿತ್ತು. ಕಥೆ ಕೆಟ್ಟರೆ ಇನ್ನೊಂದು ಭಾನುವಾರ ಕುಳಿತು ಬರೆಯಬಹುದಿತ್ತು. ಹುಸಿ ಚಾಕು, ಪಳಗಿದ ಕೈ, ಸುತ್ತ ನೋಡುತ್ತಿರುವ ಹತ್ತಾರು ಜನ, ಇಷ್ಟೆಲ್ಲ ಇದ್ದೂ ಇದು ಆಯಿತು. ಮನೆಯ ತಾರಸಿಯ ಮೇಲೆ ಮೊಬೈಲ್ ನಿಲ್ಲಿಸಿ, ಕೈಗೆ ಸಿಕ್ಕ ಕೋಲು ಹಿಡಿದು ರೀಲ್ಸ್ ಮಾಡುವ ಹುಡುಗರಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ.

ತಂದೆ-ತಾಯಂದಿರು ಇಂಥ ಚಿತ್ರಗಳನ್ನು ನಿಷೇಧಿಸಬೇಕೇ? ‘ಸೈಬೋರ್ಗ್’ ಅಂತೂ ಚಿಕ್ಕ ಮಕ್ಕಳಿಗಲ್ಲ. ಅಮೆರಿಕದಲ್ಲಿ ಹದಿನೇಳು ತುಂಬದವರು ಹಿರಿಯರೊಡನೆ ಬರಬೇಕೆಂಬ ‘ಆರ್’ ಶ್ರೇಣಿ ಅದಕ್ಕಿತ್ತು. ನಮ್ಮಲ್ಲಿಯೂ ಸೆನ್ಸಾರ್ ಮಂಡಳಿಯ ಯು/ಎ ಪತ್ರವನ್ನು 2024ರಿಂದ ಏಳು, ಹದಿಮೂರು, ಹದಿನಾರು ಎಂದು ವಯಸ್ಸಿಗೆ ತಕ್ಕಂತೆ ವಿಂಗಡಿಸಿದ್ದಾರೆ. ಆದರೆ ಮೊಬೈಲಿನಲ್ಲಿ ತುಂಡು ತುಂಡಾಗಿ ಬರುವ ಹೊಡೆದಾಟಕ್ಕೆ ಯಾವ ಪತ್ರವೂ ಇಲ್ಲ. ಹೈಸ್ಕೂಲು ಮುಗಿಸಿದ ಮಕ್ಕಳು ನೋಡಿಯೇ ನೋಡುತ್ತಾರೆ. ಬೈಯುವ ಬದಲು ಪಕ್ಕದಲ್ಲಿ ಕುಳಿತು, ಹೊಡೆದಾಟ ಬಂದಾಗ ಧ್ವನಿಯನ್ನು ಪೂರ್ತಿ ಇಳಿಸಿಬಿಡಿ. ‘ಢಿಶುಂ’ ಎಂಬ ಸದ್ದು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಅದು ನಿಂತೊಡನೆ ಅರ್ಧ ಮಾಯೆ ಹರಿಯುತ್ತದೆ. ಮುಷ್ಟಿ ಮುಖದ ಪಕ್ಕದಲ್ಲಿ ಗೇಣು ದೂರದಲ್ಲಿ ಹಾದುಹೋಗುತ್ತದೆ. ಆ ಅಂತರ ಕಾಣದಂತೆ ಕ್ಯಾಮೆರಾವನ್ನು ಹೊಡೆಯುವವನ ಬೆನ್ನ ಹಿಂದೆಯೋ ತಿನ್ನುವವನ ಬೆನ್ನ ಹಿಂದೆಯೋ ಇಟ್ಟಿರುತ್ತಾರೆ. ಏಟು ತಿನ್ನುವವನು ಸರಿಯಾದ ಕ್ಷಣಕ್ಕೆ ತಲೆ ತಿರುಗಿಸಬೇಕು. ಒಮ್ಮೊಮ್ಮೆ ಅವಸರದಲ್ಲಿ ಮುಷ್ಟಿ ಬರುವ ಮೊದಲೇ ತಿರುಗಿಸಿಬಿಡುತ್ತಾನೆ. ಅಗ್ಗದ ಚಿತ್ರಗಳಲ್ಲಿ ಅಂಥದ್ದನ್ನು ಮತ್ತೆ ತೆಗೆಯಲು ಫಿಲ್ಮೂ ಇಲ್ಲ, ಹೊತ್ತೂ ಇಲ್ಲ, ಹಾಗೆಯೇ ಉಳಿದಿರುತ್ತದೆ. ಒಂದು ಚಿತ್ರದಲ್ಲಿ ಅಂಥವು ಎಷ್ಟು ಸಿಗುತ್ತವೆ ಎಂದು ಅಪ್ಪ-ಮಗ ಪಂದ್ಯ ಕಟ್ಟಿ ಎಣಿಸಲಿ.