ನೀರಿನ ಹಿಡಿತ

ಗಣಕಯಂತ್ರದ ಹಾರಾಟ ಸಿಮ್ಯುಲೇಟರಿನಲ್ಲಿ ಜಲವಿಮಾನವನ್ನು ನಡೆಸುವ ತರುಣರ ದೂರು ಒಂದೇ: ಎಷ್ಟು ವೇಗ ಕೊಟ್ಟರೂ ವಿಮಾನ ನೀರನ್ನು ಬಿಟ್ಟೇಳದು. ಅವರಲ್ಲಿ ಹಲವರು ಒಡನೆಯೇ ವಿಮಾನದ ಲೆಕ್ಕವಿರುವ ಕಡತವನ್ನು ತೆರೆದು, ನೀರಿನ ಎಳೆತದ ಅಂಕಿಗಳನ್ನು ತಗ್ಗಿಸಿಬಿಡುತ್ತಾರೆ. ಇದು ನನಗೆ ಸಮ್ಮತವಲ್ಲ.

ಹಿಡಿದೆಳೆಯುವುದು ನೀರಿನ ಸಹಜಗುಣ. 1912ರಲ್ಲಿ ಅಮೆರಿಕದ ಗ್ಲೆನ್ ಕರ್ಟಿಸ್ ಕಟ್ಟಿದ ಹಾರುದೋಣಿಯೂ ಮೊದಲು ಮೇಲೇಳಲಿಲ್ಲ. ತಳಕ್ಕೆ ಮೆಟ್ಟಿಲಿನಂಥ ಅಂಚನ್ನು ಕೂಡಿಸಿದ ಮೇಲಷ್ಟೇ ನೀರಿನ ಹಿಡಿತ ಸಡಿಲಿತು. ಆ ಮೆಟ್ಟಿಲು ಇಂದಿನ ಜಲವಿಮಾನಗಳಲ್ಲೂ ಇದೆ. ಅದನ್ನು ಬಳಸುವ ಕ್ರಮ ಹೀಗೆ: ನೀರಿನ ಚುಕ್ಕಾಣಿಯನ್ನು ಮೇಲೆತ್ತಿ, ಗಾಳಿಗೆ ಎದುರಾಗಿ, ಪೂರ್ಣಶಕ್ತಿ ಕೊಟ್ಟು, ಹಿಡಿಕೆಯನ್ನು ಹಿಂದಕ್ಕೆಳೆಯಬೇಕು. ಮೂಗು ಸಾಕಷ್ಟು ಎದ್ದೊಡನೆ ಅದನ್ನು ಸಡಿಲಿಸಬೇಕು. ಆಗ ವಿಮಾನ ಮೆಟ್ಟಿಲನ್ನೇರಿ ನೀರಿನ ಮೇಲೆ ಜಾರತೊಡಗುತ್ತದೆ. ಎಳೆದೇ ಹಿಡಿದರೆ ನೇಗಿಲಿನಂತೆ ನೀರನ್ನು ಉಳುತ್ತದೆ. ತೀರ ಮುಂದಕ್ಕೆ ನೂಕಿದರೆ ಕುಪ್ಪಳಿಸುತ್ತದೆ.

ಇಷ್ಟಾದರೂ ಏಳದಿದ್ದರೆ, ಅದೇ ಸರೋವರದಲ್ಲಿ ಮತ್ತೊಂದು ಜಲವಿಮಾನವನ್ನು ನಡೆಸಿ ನೋಡಲಿ. ಅದು ಸಲೀಸಾಗಿ ಎದ್ದರೆ ಮೊದಲನೆಯದರ ರಚನೆಯನ್ನು ಶಂಕಿಸಬಹುದು. ಅಂಕಿಗಳನ್ನು ತಿದ್ದುವ ಹಕ್ಕು ಬರುವುದು ಆಗ. ಮೊದಲೇ ತಿದ್ದಿದ ನೀರಿನಲ್ಲಿ ಪಳಗಿದವನು ನಾಳೆ ನಿಜವಾದ ಸರೋವರಕ್ಕಿಳಿದರೆ, ಅಲ್ಲಿನ ಎಳೆತವನ್ನು ತಗ್ಗಿಸಿಕೊಡುವವರಾರು?