ಎಣ್ಣೆಗಾಯಿಗೆ ಖಾರ ಎಷ್ಟು?



ಊಟಕ್ಕೆ ಕೂತವರು "ಯಾಕೋ ಎಣ್ಣೆಗಾಯಿ ಸಪ್ಪಗ ಆಗೈತಿ" ಅಂದರೆ ಸಾಕು, ನಮ್ಮ ಕೈ ನೆಟ್ಟಗೆ ಖಾರಪುಡಿ ಡಬ್ಬಿಗೆ ಹೋಗುತ್ತದೆ. ಮುಂದಿನ ಸಲ ಒಂದು ಚಮಚ ಹೆಚ್ಚು. ಆಗ ಅತ್ತೆಯವರಿಗೆ ಎದೆಯುರಿ, ಮಕ್ಕಳ ಕಣ್ಣಲ್ಲಿ ನೀರು. ರುಚಿ ಮಾತ್ರ ಮೊದಲು ಎಲ್ಲಿತ್ತೋ ಅಲ್ಲೇ! ಖಾರದ ಡಬ್ಬಿ ಅಲ್ಲೇ ಇರಲಿ ಬಿಡ್ರಿ. ಎಣ್ಣೆಗಾಯಿ ಕೆಡುವುದು ಹೆಚ್ಚಾಗಿ ಹುರಿಯುವಾಗಿನ ಅವಸರದಿಂದ.

ಮೊದಲು ಕಾಯಿ. ನಮ್ಮ ಕಡೆ ಬದನೆಕಾಯಿಗೆ ಮುಳಗಾಯಿ ಎಂದೇ ಹೆಸರು. ಸಂತೆಯಲ್ಲಿ ಆರಿಸುವಾಗ ತೊಟ್ಟಿನ ಮುಳ್ಳು ಬೆರಳಿಗೆ ಚುಚ್ಚಬೇಕು, ತೊಟ್ಟು ಹಸಿರಾಗಿರಬೇಕು. ಬಲಿತ ಕಾಯಿ ತುಂಬ ಬೀಜ, ಕಹಿಯೂ ಇರುತ್ತದೆ. ಅರ್ಧ ಕಿಲೋಗೆ ಹತ್ತು-ಹನ್ನೆರಡು ತೂಗುವ ಎಳೆಯ ಗುಂಡುಗಾಯಿ ಸಾಕು. ತೊಟ್ಟು ಹಾಗೇ ಬಿಟ್ಟು, ತುದಿಯಿಂದ ನಾಲ್ಕು ಸೀಳು ಮಾಡಿ ಉಪ್ಪುನೀರಿಗೆ ಹಾಕಿರಿ, ಕಪ್ಪಾಗುವುದಿಲ್ಲ. ಸೀಳಿದಾಗ ಒಳಗೆ ಹುಳ ನೋಡುವುದನ್ನು ಮರೆಯಬೇಡಿ.

ಈಗ ಮಸಾಲೆ. ಇದೇ ದೊಡ್ಡ ಕೆಲಸ. ಒಂದು ಸಣ್ಣ ಬಟ್ಟಲು ಶೇಂಗಾ, ಎರಡು ಚಮಚ ಗುರೆಳ್ಳು, ಒಂದು ಚಮಚ ಬಿಳಿ ಎಳ್ಳು, ಮೂರು ಚಮಚ ತುರಿದ ಒಣಕೊಬ್ಬರಿ. ನಾಲ್ಕನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ, ಎಣ್ಣೆ ಹಾಕದೆ ಹುರಿಯಬೇಕು. ಎಲ್ಲ ಒಟ್ಟಿಗೆ ಬಾಣಲೆಗೆ ಸುರಿದರೆ ಶೇಂಗಾ ಹಸಿ ಉಳಿಯುತ್ತದೆ, ಎಳ್ಳು ಸೀದು ಹೋಗುತ್ತದೆ. ಗುರೆಳ್ಳು ಚಟಪಟ ಅಂದು ಘಮ ಬಂದ ಕೂಡಲೇ ಇಳಿಸಿಬಿಡಿ. ಕರ್ರಗಿರುವ ಕಾಳು ಸೀದದ್ದು ಕಣ್ಣಿಗೆ ಕಾಣುವುದಿಲ್ಲ, ಮೂಗೇ ಹೇಳಬೇಕು. ಅದರಲ್ಲಿ ಸಣ್ಣ ಕಲ್ಲು ಬಹಳ. ಮೊದಲೇ ಕೇರಿ, ಆರಿಸಿ ಇಟ್ಟುಕೊಳ್ಳಿ. ಗುರೆಳ್ಳು ಇಲ್ಲದೆಯೂ ಎಣ್ಣೆಗಾಯಿ ಮಾಡುತ್ತಾರೆ. ಮಾಡಲಿ, ನಮ್ಮ ಮನೆಯಲ್ಲಂತೂ ಅದನ್ನು ಎಣ್ಣೆಗಾಯಿ ಅನ್ನುವುದಿಲ್ಲ.

ಹುರಿದದ್ದು ಆರಿದ ಮೇಲೆ ತರಿತರಿಯಾಗಿ ಕುಟ್ಟಿ. ಎರಡು ಉಳ್ಳಾಗಡ್ಡಿ ಹೆಚ್ಚಿ ಎಣ್ಣೆಯಲ್ಲಿ ಕೆಂಪಗೆ ಹುರಿದು, ಎಂಟು-ಹತ್ತು ಎಸಳು ಬಳ್ಳೊಳ್ಳಿ, ಬೆರಳಿನ ಗೆಣ್ಣಿನಷ್ಟು ಶುಂಠಿ, ಕೊತ್ತಂಬರಿ ಸೊಪ್ಪು ಸೇರಿಸಿ ಅರೆಯಿರಿ. ಇದಕ್ಕೆ ಕುಟ್ಟಿದ ಪುಡಿ, ಅರಿಶಿನ, ಉಪ್ಪು, ಸುಪಾರಿಯಷ್ಟು ಬೆಲ್ಲ ಕಲಸಿ. ಖಾರ ಇನ್ನೂ ಹಾಕಬೇಡಿ! ಮಕ್ಕಳಿಗಾಗಿ ಮೂರು ಕಾಯಿಯ ತೊಟ್ಟು ಕತ್ತರಿಸಿ, ಈ ಸಪ್ಪೆ ಮಸಾಲೆಯನ್ನೇ ತುಂಬಿಬಿಡಿ. ಬಾಣಲೆಯಲ್ಲಿ ತೊಟ್ಟಿಲ್ಲದ್ದು ಯಾರದೆಂದು ಗುರುತು ಸಿಗುತ್ತದೆ. ಉಳಿದದ್ದಕ್ಕೆ ಎರಡು ಚಮಚ ಖಾರಪುಡಿ, ಒಂದು ಚಮಚ ಮಸಾಲೆಖಾರ.

ಖಾರಪುಡಿ ಅಂದೆನಲ್ಲ, ಪೇಟೆಯ ಬಿಡಿ ಪುಡಿ ನನಗೆ ನಂಬಿಕೆಯಿಲ್ಲ. ಒಣಮೆಣಸಿನಕಾಯಿ ತಂದು, ತೊಟ್ಟು ಮುರಿದು, ಎರಡು ಬಿಸಿಲು ತೋರಿಸಿ ಗಿರಣಿಗೆ ಕೊಡಿ. ಹಸಿ ಇರುವ, ಬೂಷ್ಟು ಹಿಡಿದ ಕಾಯಿ ಅಗ್ಗಕ್ಕೆ ಕೊಟ್ಟರೂ ಬೇಡ. ಹಾವೇರಿ ಜಿಲ್ಲೆಯ ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸುಕ್ಕುಸುಕ್ಕಾದ ಆ ಕಾಯಿ ಬಣ್ಣ ಬಹಳ ಕೊಡುತ್ತದೆ, ಉರಿ ಕಡಿಮೆ. ಗುಂಟೂರು ಕಾಯಿ ಹಾಗಲ್ಲ, ಉರಿ ಜೋರು. ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಹಾಕಿ ಬೀಸಿಸಿದರೆ ಸಾರು ಕೆಂಪಗೆ ಕಾಣುತ್ತದೆ, ಹೊಟ್ಟೆಯೂ ತಣ್ಣಗಿರುತ್ತದೆ.

ಬಾಣಲೆಯಲ್ಲಿ ಐದಾರು ದೊಡ್ಡ ಚಮಚ ಶೇಂಗಾ ಎಣ್ಣೆ ಕಾಯಿಸಿ, ಸಾಸಿವೆ, ಜೀರಿಗೆ, ಕರಿಬೇವು ಸಿಡಿಸಿ, ತುಂಬಿದ ಕಾಯಿಗಳನ್ನು ಒಂದೊಂದಾಗಿ ಇಡಿ. ನೀರು ಹಾಕುವ ಹೊತ್ತಲ್ಲ ಇದು. ಸಣ್ಣ ಉರಿ, ಮೇಲೆ ಮುಚ್ಚಳ, ನಡುನಡುವೆ ಮಗ್ಗಲು ತಿರುವುತ್ತ ಹನ್ನೆರಡು ನಿಮಿಷ. ಬದನೆಕಾಯಿ ಮೊದಲು ಎಣ್ಣೆ ಎಲ್ಲ ಕುಡಿದುಬಿಡುತ್ತದೆ. ಗಾಬರಿಯಾಗಿ ಮತ್ತೆ ಸುರಿಯಬೇಡಿ, ಮೆತ್ತಗಾದಂತೆ ತಾನೇ ಬಿಡುತ್ತದೆ. ತೊಟ್ಟಿಲ್ಲದ ಮೂರನ್ನು ಈಗ ತೆಗೆದಿಡಿ. ಉಳಿದ ಮಸಾಲೆ ಹಾಕಿ, ಅಂಚಿನಲ್ಲಿ ಎಣ್ಣೆ ಕಾಣುವತನಕ ಹುರಿದು, ಆಮೇಲೆ ಕುದಿಯುವ ನೀರು. ಹುಣಸೆರಸ ಕಟ್ಟಕಡೆಗೆ, ಕಾಯಿ ಪೂರ್ತಿ ಬೆಂದ ಮೇಲೆ. ಹುಳಿ ಮೊದಲೇ ಬಿದ್ದರೆ ಕಾಯಿ ಬೇಗ ಮೆತ್ತಗಾಗುವುದಿಲ್ಲ.

ನೀರು ಎಷ್ಟು ಅಂತೀರಾ? ಅದು ಊರಿನ ಮೇಲೆ ಹೋಗುತ್ತದೆ. ಯಲಬುರ್ಗಾ, ಕುಷ್ಟಗಿ ಮಳೆ ನಂಬಿದ ಸೀಮೆ, ಜೋಳದ ರೊಟ್ಟಿಯ ಊಟ. ಅಲ್ಲಿ ಎಣ್ಣೆಗಾಯಿ ರೊಟ್ಟಿಯ ಮೇಲೆ ಕೂರುವಷ್ಟು ಗಟ್ಟಿ ಇರಬೇಕು. ಎಳ್ಳಮಾಸಿಗೆ ಚರಗ ಚೆಲ್ಲಲು ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುವಾಗ ಸಜ್ಜೆರೊಟ್ಟಿ, ಪುಂಡಿಪಲ್ಲೆಯ ಜೊತೆ ಇದೂ ಇರುತ್ತದೆ, ಚೆಲ್ಲಿದರೆ ಹೇಗೆ? ಗಂಗಾವತಿ ಕಡೆ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆದ ಮೇಲೆ ಎಡದಂಡೆ ಕಾಲುವೆಯ ನೀರಿಗೆ ಭತ್ತ ಹಬ್ಬಿತು. ಅನ್ನಕ್ಕೆ ಕಲಸಿಕೊಳ್ಳಲು ಅಲ್ಲಿ ಇನ್ನೊಂದು ಲೋಟ ನೀರು ಹೆಚ್ಚು ಹಾಕಬೇಕಾಗುತ್ತದೆ. ಕೊಪ್ಪಳದವರು ಎರಡಕ್ಕೂ ಸೈ.

ಖಾರ ಹತ್ತಿದವರಿಗೆ ನೀರು ಕೊಡಬೇಡಿ. ಮೆಣಸಿನಕಾಯಿಯ ಉರಿ ನೀರಿಗೆ ಕರಗುವುದಿಲ್ಲ, ಬಾಯಿತುಂಬ ಹರಡುತ್ತದೆ ಅಷ್ಟೇ. ಒಂದು ತುತ್ತು ಗಟ್ಟಿ ಮೊಸರು, ಇಲ್ಲವೇ ರೊಟ್ಟಿಗೆ ಬೆಣ್ಣೆ ಕೊಡಿ.

ಇನ್ನೊಂದು ಮಾತು. ಬಡಿಸುವಾಗ ಕಾಯಿ ಎಲ್ಲ ಅವರಿವರ ತಟ್ಟೆಗೆ ಹೋಗಿ, ಕಡೆಗೆ ಕೂರುವ ನಮಗೆ ಬಾಣಲೆಯ ತಳದ ಮಸಾಲೆಯಷ್ಟೇ ಉಳಿಯುತ್ತದೆ. "ನನಗ ರಸಾನೇ ಸೇರತೈತಿ" ಅನ್ನುವ ಮಾತು ಎಷ್ಟು ಮನೆಯಲ್ಲಿ ಕೇಳಿಲ್ಲ! ಸಂತೆಯಲ್ಲಿ ತೂಗಿಸುವಾಗಲೇ ನಿಮ್ಮ ಎರಡು ಕಾಯಿ ಲೆಕ್ಕಕ್ಕೆ ಹಿಡಿಯಿರಿ. ಒಲೆಯಿಂದ ಇಳಿಸಿದ ಕೂಡಲೇ ಅವನ್ನು ಬಟ್ಟಲಿಗೆ ತೆಗೆದು ಮುಚ್ಚಿಡಿ. ಎಣ್ಣೆಗಾಯಿ ಆರಿದಷ್ಟೂ ಮಸಾಲೆ ಒಳಗೆ ಇಳಿಯುತ್ತದೆ. ತಡವಾಗಿ ಉಣ್ಣುವವರಿಗೇ ಅದರ ರುಚಿ ಹೆಚ್ಚು.