ನೆರಳಿಗೊಂದು ಮೈಸೂರು ಬಳ್ಳಿ

ಮನೆಯ ಹಿಂದೆ ಮಾವಿನ ಮರ, ಪಕ್ಕದಲ್ಲಿ ನೆರೆಮನೆಯ ಎತ್ತರದ ಗೋಡೆ. ನಡುವಿನ ಜಾಗದಲ್ಲಿ ಮಲ್ಲಿಗೆ ನೆಟ್ಟರೆ ಎಲೆ ಬರುತ್ತದೆ, ಮೊಗ್ಗು ಬರುವುದಿಲ್ಲ. 'ಮರದ ಕೊಂಬೆಗಳನ್ನು ಕಡಿಸಿಬಿಡೋಣ' ಎಂಬ ಮಾತು ಆಗ ಬಂದೇ ಬರುತ್ತದೆ. ಕೊಡಲಿ ಎತ್ತುವ ಮುನ್ನ, ಕಾಡಿನ ಬಳ್ಳಿಗಳು ಇದೇ ತೊಂದರೆಯನ್ನು ಹೇಗೆ ನೀಗಿಕೊಂಡಿವೆ ಎಂದು ನೋಡಬಹುದು.

ಗಿಡದ ಅಡುಗೆಗೆ ಬೆಳಕೇ ಉರಿ. ಬೆಳಕು ಸಾಲದಿದ್ದರೆ ಎಲೆಗಳು ತಯಾರಿಸಿದ ಸಕ್ಕರೆ ದಿನದ ಖರ್ಚಿಗಷ್ಟೇ ಸಾಕಾಗುತ್ತದೆ, ಹೂವಿಗೆ ಉಳಿಯುವುದಿಲ್ಲ. ಮರವು ದಪ್ಪ ಕಾಂಡ ಕಟ್ಟಿಕೊಂಡು ಬೆಳಕಿನತ್ತ ಏರುತ್ತದೆ. ಬಳ್ಳಿ ಆ ಖರ್ಚು ಉಳಿಸಿ, ಮರವನ್ನೇ ಸುತ್ತಿ ಮೇಲೇರುತ್ತದೆ. ಬೇರು ನೆರಳಿನಲ್ಲಿ, ತಲೆ ಬೆಳಕಿನಲ್ಲಿ!

ಪಶ್ಚಿಮ ಘಟ್ಟದ ಥನ್‌ಬರ್ಜಿಯಾ ಮೈಸೂರೆನ್ಸಿಸ್ ಇಂಥ ಬಳ್ಳಿ. ಹೆಸರಿನ ಮೊದಲ ಭಾಗ ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಪೀಟರ್ ಥನ್‌ಬರ್ಗ್ (1743–1828) ಅವರ ನೆನಪಿಗೆ. ಎರಡನೆಯದಕ್ಕೆ 'ಮೈಸೂರಿನದು' ಎಂದರ್ಥ. ಹಳದಿ ಮತ್ತು ಕೆಂಗಂದು ಬಣ್ಣದ ಹೂಗಳು ಉದ್ದನೆಯ ಮಾಲೆಯಂತೆ ಜೋತಾಡುತ್ತವೆ. ಮಕರಂದಕ್ಕಾಗಿ ಸೂರಕ್ಕಿ ಕೊಕ್ಕು ತೂರಿಸಿದಾಗ ಪರಾಗ ಅದರ ಮೈಗೆ ಅಂಟಿ ಮುಂದಿನ ಹೂವಿಗೆ ಸಾಗುತ್ತದೆ.

ಹೂಮಾಲೆ ಇಳಿಬೀಳುವುದರಿಂದ ಇದಕ್ಕೆ ಗೋಡೆಗಿಂತ ಚಪ್ಪರ ಮೇಲು. ಚಪ್ಪರ ಎಂಟು ಅಡಿಯಾದರೂ ಎತ್ತರವಿದ್ದು, ಬೆಳಗಿನ ಎಳೆಬಿಸಿಲು ಬೀಳುವ ಕಡೆಗೆ ಚಾಚಿರಲಿ. ಮರದ ಬುಡಕ್ಕೇ ನೆಟ್ಟರೆ ನೀರು, ಗೊಬ್ಬರವೆಲ್ಲ ಮರದ ಪಾಲಾಗುತ್ತದೆ. ಸ್ವಲ್ಪ ದೂರದಲ್ಲಿ ಗುಂಡಿ ತೆಗೆದು, ಕೊಳೆತ ಸಗಣಿ ಗೊಬ್ಬರ ಬೆರೆಸಿ ನೆಡಬೇಕು. ಮಣ್ಣು ತೇವವಾಗಿರಬೇಕು, ನೀರು ನಿಲ್ಲಬಾರದು. ಕಾಡಿನಿಂದ ಬಳ್ಳಿ ಕಿತ್ತು ತರುವುದು ಬೇಡ. ನರ್ಸರಿಯ ಸಸಿ ಅಥವಾ ಪರಿಚಿತರ ತೋಟದ ಒಂದು ತುಂಡು ಕಾಂಡ ಸಾಕು.

ನೆಡುವ ಮುನ್ನ ಮಕ್ಕಳಿಗೊಂದು ಕೆಲಸ. ಭಾನುವಾರ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ, ಗಂಟೆಗೊಮ್ಮೆ ಎರಡು ಕಡೆ ಬಿಸಿಲಿದೆಯೇ ಎಂದು ನೋಡಿ ಬರೆದಿಡಿ: ನೆಲದ ಮೇಲೆ, ಹಾಗೂ ಚಪ್ಪರದ ಎತ್ತರಕ್ಕೆ ನಿಲ್ಲಿಸಿದ ಕೋಲಿನ ತುದಿಯಲ್ಲಿ. ನೆಲಕ್ಕೆ ಒಂದು ಗಂಟೆಯೂ ಬಿಸಿಲು ಸಿಗದ ಜಾಗದಲ್ಲಿ ಕೋಲಿನ ತುದಿಗೆ ಮೂರು ಗಂಟೆ ಸಿಗಬಹುದು. ಸೂರ್ಯನ ದಾರಿ ಬದಲಾಗುವುದರಿಂದ ಜೂನ್ ಮತ್ತು ಡಿಸೆಂಬರ್ ಎರಡರಲ್ಲೂ ಅಳೆಯಿರಿ. ಆ ಪಟ್ಟಿಯನ್ನು ಅಪ್ಪ ಅಮ್ಮನಿಗೆ ತೋರಿಸಿ. ಕೊಂಬೆ ಕಡಿಸುವ ಮಾತು ಆಮೇಲೆ ನೋಡೋಣ.